ಬಿಸಿ ತೋರಿಸದ ಮುಳ್ಳು

ಭೀಮನಬೀಡು,
ಗುಂಡ್ಲುಪೇಟೆ ತಾಲ್ಲೂಕು
12-8-2024, ಶ್ರಾವಣ ಸೋಮವಾರ

ಮಗನೇ ಮಾದೇಶ,

ಅಪ್ಪನ ಆಶೀರ್ವಾದ. ಬೇಕಾದರೆ ಇಟ್ಟುಕೋ, ಬೇಡದಿದ್ದರೆ ಬಿಡು. ನೀನು, ನಿನ್ನ ಹೆಂಡತಿ, ಮಗು ಎಲ್ಲ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಮಗು ಗಂಡೋ ಹೆಣ್ಣೋ ಎಂದು ಸಹ ನನಗೆ ಯಾರೂ ಹೇಳಿಲ್ಲ, ಕೇಳುವ ಮುಖ ನನಗೂ ಇಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಸತ್ಯಮಂಗಲದ ನಿನ್ನ ಗ್ಯಾರೇಜಿನ ವಿಳಾಸವನ್ನು ಆ ಕಡೆಗೆ ತರಕಾರಿ ಲಾರಿ ಓಡಿಸುವವನೊಬ್ಬನಿಂದ ಬರೆಸಿಕೊಂಡೆ. ನನ್ನ ಆರೋಗ್ಯ ಕೇಳುವುದಾದರೆ ಎಪ್ಪತ್ನಾಲ್ಕಕ್ಕೆ ಎಷ್ಟಿರಬೇಕೋ ಅಷ್ಟಿದೆ. ಮಂಡಿ ಹೇಳಿದ ಮಾತು ಕೇಳುವುದಿಲ್ಲ, ಎಡಗಣ್ಣಿಗೆ ಪೊರೆ ಬಂದಿದೆ, ಬಲಗೈ ಮಣಿಕಟ್ಟಿನ ಸುಟ್ಟ ಕಲೆ ಈ ಗಾಳಿಗೆ ತುರಿಸುತ್ತದೆ. ಊಟಕ್ಕೆ ಕೊರತೆಯಿಲ್ಲ. ನಿನ್ನ ಅತ್ತಿಗೆ ಭಾಗ್ಯ ಹೊತ್ತಿಗೆ ಸರಿಯಾಗಿ ಮುದ್ದೆ ಇಡುತ್ತಾಳೆ. ನಿನ್ನ ಅವ್ವ ಇಡುತ್ತಿದ್ದಾಗ ಜೊತೆಗೆ ನಾಲ್ಕು ಬೈಗುಳವೂ ಇರುತ್ತಿತ್ತು, ಅದಿಲ್ಲದೆ ರುಚಿ ಕಡಿಮೆ.

ನಮ್ಮ ಹಳೇ ಫಿಯಟ್ ಮತ್ತೆ ಎದ್ದಿದೆ. ಹದಿನಾಲ್ಕು ವರ್ಷ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದ್ದು ಬಿದ್ದಿತ್ತು, ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ನಿನ್ನಣ್ಣ ಶಾಂತರಾಜು ಅದನ್ನು ಮೈಸೂರಿಗೆ ಸಾಗಿಸಿ, ಎಂಜಿನ್ ಮಾಡಿಸಿ, ಕೆನೆ ಬಣ್ಣ ಹೊಡೆಸಿ ತಂದಿದ್ದಾನೆ. ಬಾಡಿಗೆಗೆ ಓಡಿಸಲು ಅಂದುಕೊಂಡೆಯಾ? ಫೋಟೋಕ್ಕೆ! ಸೂರ್ಯಕಾಂತಿ ಅರಳಿದ ಕಾಲಕ್ಕೆ ಕೇರಳದಿಂದ ಮದುವೆ ನಿಶ್ಚಯವಾದ ಗಂಡು ಹೆಣ್ಣು ಬಂದು ನಮ್ಮ ಹೊಲಗಳಲ್ಲಿ ಫೋಟೋ ಹೊಡೆಸಿಕೊಳ್ಳುತ್ತಾರಲ್ಲ, ಅವರಿಗೆ ಒರಗಿಕೊಳ್ಳಲು ಹಳೇ ಕಾರು ಬೇಕಂತೆ. ಇಪ್ಪತ್ತು ವರ್ಷ ಘಾಟಿ ಹತ್ತಿಳಿದು ನಿಮ್ಮಿಬ್ಬರಿಗೂ ಅನ್ನ ಹಾಕಿದ ಗಾಡಿ. ಅದರ ಬಾನೆಟ್ ಮೇಲೆ ಈಗ ಗುರುತಿಲ್ಲದ ಹುಡುಗಿಯರು ಕೂತು ನಗುತ್ತಾರೆ, ನಾನು ಜಗಲಿಯ ಮೇಲೆ ಕೂತು ಹಲ್ಲು ಕಡಿಯುತ್ತೇನೆ.

ಅಷ್ಟಕ್ಕೂ ಅವನಿಗೆ ತೃಪ್ತಿಯಿಲ್ಲ. ಫೋಟೋದಲ್ಲಿ ಡ್ಯಾಶ್‌ಬೋರ್ಡು ಬೋಳಾಗಿ ಕಾಣುತ್ತದಂತೆ. ಆರ್‌ಪಿಎಂ ಮೀಟರು, ಆಯಿಲ್ ಪ್ರೆಶರಿನ ಮೀಟರು, ಬ್ಯಾಟರಿಯದೊಂದು, ಬಿಸಿ ತೋರಿಸಲು ಹೊಸದೊಂದು, ಹೀಗೆ ಪೆಟ್ಟಿಗೆ ತುಂಬ ತಂದ. ದಿನಕ್ಕೆ ಐವತ್ತು ಮಾರು ಓಡುವ ಕಾರಿನ ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು ಎಂದು ತಿಳಿದುಕೊಂಡು ಯಾರಿಗೆ ಏನಾಗಬೇಕಿದೆ? ನಾನು ಅದನ್ನೆಲ್ಲ ಕಿವಿಯಲ್ಲೇ ತಿಳಿಯುತ್ತಿದ್ದೆ. ನಿನಗೂ ಹಾಗೆಯೇ ಕಲಿಸಿದ್ದೆ, ನೆನಪಿದೆಯೋ ಇಲ್ಲವೋ.

ಮೊನ್ನೆ ಶನಿವಾರ ಗುಂಡ್ಲುಪೇಟೆಯಿಂದ ಎಲೆಕ್ಟ್ರಿಷಿಯನ್ ಸೋಮೇಶ್ ಬಂದ. ಒಳ್ಳೆಯ ಕೆಲಸಗಾರ. ನಾನು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕಾರಿನ ಬಾಗಿಲಿಗೇ ಕೂತೆ. ಇಗ್ನಿಷನ್ ಕಾಯಿಲ್‌ನಿಂದ ಆರ್‌ಪಿಎಂ ಮೀಟರಿಗೆ ತಂತಿ ಎಳೆದ, ಆಯಿಲ್ ಮೀಟರು ಕೂರಿಸಿದ. ಆಮೇಲೆ ಎಂಜಿನ್ನಿನ ಬಿಸಿ ತೋರಿಸುವ ಹಳೇ ಮುಳ್ಳಿನ ಹಿಂದೆ ಕೈ ತೂರಿಸಿ ತಡಕಾಡಿದವನು ಒಂದು ತಂತಿಯ ತುದಿ ಎಳೆದು ನನಗೆ ತೋರಿಸಿದ. ನುಣ್ಣಗೆ ಕತ್ತರಿಸಿ, ಕರೀ ಟೇಪು ಸುತ್ತಿ, ಯಾರಿಗೂ ಕಾಣದ ಹಾಗೆ ಒಳಕ್ಕೆ ಮಡಚಿಟ್ಟಿದ್ದ ತಂತಿ. “ಯಜಮಾನ್ರೇ, ಇದು ಇಲಿ ಕಡ್ದಿರದಲ್ಲ. ಯಾರೋ ಕಟಿಂಗ್ ಪ್ಲೇಯರ್ ಆಕವ್ರೆ” ಎಂದ. ಆ ತಂತಿ ಇಲ್ಲದಿದ್ದರೆ ಎಂಜಿನ್ನು ಕೊತಕೊತ ಕುದಿಯುತ್ತಿದ್ದರೂ ಮುಳ್ಳು ತಣ್ಣಗೆ ಕೆಳಗೇ ಮಲಗಿರುತ್ತದೆ. ಮೆಕ್ಯಾನಿಕ್ಕಾದ ನಿನಗೆ ನಾನು ಹೇಳಬೇಕಾಗಿಲ್ಲ.

ಶಾಂತರಾಜು ಅಲ್ಲೇ ಟೀ ಕುಡಿಯುತ್ತ ನಿಂತಿದ್ದ. ನಕ್ಕ. ನಗುತ್ತಲೇ ಹೇಳಿದ. “ಓ, ಅದಾ? ನಾನೇ ಕಣಪ್ಪೋ ಕತ್ತರ್ಸಿದ್ದು. ಅವತ್ತು ಫ್ರೆಂಡ್ಸ್ ಜೊತೆ ನಿಂಗ್ ಗೊತ್ತಿಲ್ದಂಗೆ ಊಟಿಗೋಗಿ ಬಂದಿದ್ನಲ್ಲ, ಆವತ್ನಿಂದ ಮುಳ್ಳು ಕೆಂಪ್ಗೇ ಓಯ್ತಿತ್ತು. ನೀನ್ ನೋಡುದ್ರೆ ಬಯ್ತೀಯ ಅಂತ ಕತ್ತರ್ಸ್ಬುಟ್ಟೆ.” ನಾನು ತಂತಿಯ ತುದಿ ಹಿಡಿದು ಅವನ ಮುಖ ನೋಡಿದೆ. “ಅದಿನಾಕು ವರ್ಸದ್ ಮಾತು, ಈಗ್ಯಾಕ್ ಬುಡು” ಎಂದು ಲೋಟ ಇಟ್ಟು ಹೊಲಕ್ಕೆ ಹೋದ. ಅವನು ಊಟಿಯಿಂದ ಬಂದು ನಾಲ್ಕನೆಯ ದಿನಕ್ಕೆ ತಾನೇ ನಾವು ಆ ಮದುವೆ ಬಾಡಿಗೆಗೆ ಹೊರಟದ್ದು.

ಮರೆತಿರುವುದಿಲ್ಲ ನೀನು. ಹೇಗೆ ಮರೆಯುತ್ತೀಯ? ಮದುವೆ ಗಂಡನ್ನು ಸತ್ಯಮಂಗಲಕ್ಕೆ ಕರೆದೊಯ್ಯುತ್ತಿದ್ದೆವು. ಬೆಳಿಗ್ಗೆ ಎಣ್ಣೆ ನೀರು ನೋಡಿದವನು ನೀನು. ಪುಣಜನೂರಿನಲ್ಲಿ, ಮಾರಯ್ಯನ ಟೀ ಅಂಗಡಿ ಕಣ್ಣಿಗೆ ಬಿದ್ದ ಕಡೆ, ಎಂಜಿನ್ನು ಹಿಡಿದುಕೊಂಡು ನಿಂತೇಬಿಟ್ಟಿತು. ಪೇಟ ಕಟ್ಟಿಕೊಂಡ ಗಂಡು ಬಾಳೆಕಾಯಿ ಟೆಂಪೋ ಹತ್ತಿ ಮುಹೂರ್ತಕ್ಕೆ ಹೋಗಬೇಕಾಯಿತು. ರೇಡಿಯೇಟರಿನಲ್ಲಿ ತೊಟ್ಟು ನೀರಿಲ್ಲ ಎಂದು ನಿನಗೆ ತೋರಿಸಿದೆ. “ಮಾದಪ್ನಾಣೆಗೂ ನೀರ್ ಉಯ್ದಿವ್ನಿ ಕಣಪ್ಪ” ಎಂದೆ ನೀನು. ನಾನು ಮೆಟ್ಟು ತೆಗೆದು ಹೊಡೆದೆ. ಅಷ್ಟೂ ಜನರ ಎದುರಿಗೆ, ಮೂರು ಸಲ. “ಮಾದಪ್ಪನ್ ಮೇಲೆ ಸುಳ್ಳಾಣೆ ಇಕ್ಕೋನು ನನ್ ಮನೆ ಒಸ್ಲು ತುಳೀಬ್ಯಾಡ” ಎಂದೆ. ನೀನು ತುಳಿಯಲಿಲ್ಲ. ತಮಿಳುನಾಡಿನ ಕಡೆ ಹೋಗುವ ಬಸ್ಸು ಹತ್ತಿದವನು ಹೋದೆ. ಎರಡು ವರ್ಷದ ಕೆಳಗೆ ಅವ್ವನಿಗೆ ಮಣ್ಣು ಹಾಕಲು ಬಂದವನು ಹೊಲದಿಂದಲೇ ತಿರುಗಿದೆ. ಕಾಲು ತೊಳೆಯಲು ಭಾಗ್ಯ ನೀರು ತಂದು ಬಾಗಿಲಲ್ಲಿ ನಿಂತಿದ್ದಳು, ಅದು ಹಾಗೇ ಉಳಿಯಿತು.

ಅವಳು, ನಿನ್ನ ಅವ್ವ ಮೂಗಮ್ಮ, ಸಾಯುವವರೆಗೂ ಒಂದೇ ಮಾತು. “ನನ್ ಮಗ ಮಾದಪ್ಪನ್ ಎಸ್ರಲ್ಲಿ ಸುಳ್ಳೇಳಲ್ಲ. ನೀನೇ ಒಂದ್ಸಲ ಸರ್ಯಾಗ್ ಯೋಚ್ನೆ ಮಾಡು.” ನಾನು ಮಾಡಿದ್ದು ಬೇರೆ. ವರ್ಷ ವರ್ಷವೂ ಮಾದಪ್ಪನ ಬೆಟ್ಟಕ್ಕೆ ಹೋಗಿ, ಮಗ ಸುಳ್ಳಾಣೆ ಇಟ್ಟಿದ್ದಾನೆ, ಚಿಕ್ಕವನು, ಮನ್ನಿಸು ಸ್ವಾಮಿ ಎಂದು ನಿನ್ನ ಹೆಸರು ಹೇಳಿ ಹುಂಡಿಗೆ ತಪ್ಪು ಕಾಣಿಕೆ ಹಾಕಿ ಬರುತ್ತಿದ್ದೆ. ದೊಡ್ಡ ಮನಸ್ಸಿನ ಅಪ್ಪ! ತಪ್ಪು ಮಾಡಿದವನು ಮನೆಯಲ್ಲೇ ಹಿಟ್ಟು ತಿಂದುಕೊಂಡು, ನಾನು ಬೆಟ್ಟದಿಂದ ತಂದ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಒಂದು ದಿನವೂ ಅವನ ಗಂಟಲಿಗೆ ಸಿಕ್ಕಿಕೊಳ್ಳಲಿಲ್ಲ. ಮೊನ್ನೆ ಶನಿವಾರದಿಂದ ನನಗೆ ಅವನ ಮುಖ ನೋಡಲು ಮನಸ್ಸಿಲ್ಲ. ಎದುರಿಗೆ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತೇನೆ.

ಸೋಮೇಶನಿಗೆ ಕೆಲಸ ನಿಲ್ಲಿಸು ಎಂದೆ. ಡ್ಯಾಶ್‌ಬೋರ್ಡಿನಲ್ಲಿ ಎರಡು ತೂತು ಹಾಗೇ ಇವೆ, ಫೋಟೋದಲ್ಲಿ ಏನಾದರೂ ಕಾಣಲಿ. ಕತ್ತರಿಸಿದ ತಂತಿಯ ತುಂಡನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ನೀನು ಇಟ್ಟ ಆಣೆ ನಿಜ, ನೀರಿದ್ದರೂ ಕುದಿಯುತ್ತಿದ್ದ ಎಂಜಿನ್ನದು ಎನ್ನುವುದಕ್ಕೆ ಇದೊಂದು ಸಾಕ್ಷಿ. ನಿನ್ನ ಹೆಂಡತಿಗೆ ತೋರಿಸು. ಬಾ ಎಂದು ಕರೆಯುವ ಬಾಯಿ ನನಗಿಲ್ಲ. ಸೊಸೆಗೆ, ಮಗುವಿಗೆ ನನ್ನ ಆಶೀರ್ವಾದ ಮುಟ್ಟಿಸು. ಮಾದಪ್ಪ ನಿಮ್ಮನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅಪ್ಪ ಎನ್ನಿಸಿಕೊಂಡ
ಲಿಂಗಯ್ಯ

ತಾ.ಕ.: ಕಾಗದ ಅಂಚೆಗೆ ಹಾಕಲು ಗುಂಡ್ಲುಪೇಟೆಗೆ ಹೊರಟವನು ಬಸ್ ನಿಲ್ದಾಣದಲ್ಲಿ ಕೂತು ಕವರು ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಮೇಲೆ ಬರೆದದ್ದು ನಿಜ, ಆದರೆ ಪೂರ್ತಿಯಲ್ಲ. ತಂತಿಯ ವಿಷಯ ನನಗೆ ಶನಿವಾರದವರೆಗೆ ಗೊತ್ತಿರಲಿಲ್ಲ. ನೀರಿತ್ತು ಎಂಬುದು ಅವತ್ತೇ ಗೊತ್ತಿತ್ತು. ನೀನು ಬಿಂದಿಗೆ ಹಿಡಿದು ಮಾರಯ್ಯನ ಅಂಗಡಿಗೆ ಓಡಿದಾಗ ನಾನು ರೇಡಿಯೇಟರಿನ ಮುಚ್ಚಳ ತಿರುಗಿಸಿದೆ. ಕುದಿಯುವ ನೀರು ಚಿಮ್ಮಿ ಕೈ ಮೇಲೆ ಬಿತ್ತು. ನೀರೇ ಹಾಕದ ರೇಡಿಯೇಟರಿನಿಂದ ಅಷ್ಟು ನೀರು ಎಲ್ಲಿಂದ ಬರುತ್ತದೆ? ಎಲ್ಲ ಚೆಲ್ಲಿ ಬರಿದಾದ ಮೇಲೆ ನೀನು ಬಂದೆ, ಬರಿದಾದದ್ದನ್ನು ನಿನಗೆ ತೋರಿಸಿದೆ. ಎಂಜಿನ್ನಿನ ಸದ್ದು ಬದಲಾದದ್ದು ಮೂರು ಮೈಲಿ ಹಿಂದೆಯೇ ಕಿವಿಗೆ ಬಿದ್ದಿತ್ತು, ಮುಹೂರ್ತಕ್ಕೆ ತಡವಾಗುತ್ತದೆ ಎಂದು ನಿಲ್ಲಿಸದೆ ಓಡಿಸಿದವನು ನಾನು. ಮದುವೆಯವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ತಪ್ಪು ಕಾಣಿಕೆ ಯಾರದೆಂದು ಮಾದಪ್ಪನಿಗೆ ಮೊದಲಿನಿಂದಲೂ ಗೊತ್ತು. ಬಸ್ಸು ಬಂತು. ನೀನು ಓಡೋಡಿ ತಂದ ಬಿಂದಿಗೆಯ ನೀರಿನಲ್ಲೇ ಕೈ ಅದ್ದಿ ಉರಿ ತಣಿಸಿಕೊಂಡೆ ಮಗನೇ, ಆ ಒದ್ದೆ ಕೈಯಲ್ಲೇ ಮೆಟ್ಟು ತೆಗೆದೆ.