ತಡಿಕೆ ಬಾಗಿಲಲ್ಲಿ ಎರಡು ಜೋಡಿ ಚಪ್ಪಲಿ

ಆಗಸ್ಟ್ ೩, ಬೆಳಿಗ್ಗೆ

ವೀಳ್ಯದೆಲೆ ತಿರುವಿ ಹಾಕಿದೆ. ಕೊಳೆತದ್ದು ಬೇರೆ, ಮಾರಾಟದ್ದು ಬೇರೆ. ಒದ್ದೆ ಬಟ್ಟೆ ಹೊದಿಸಿದೆ. ಸೊಸೆ ಕಲಾವತಿ ಮಾತೇ ಆಡಲ್ಲ, ಕೇಳಿದರೆ ಹೂಂ ಅಂತಾಳೆ. ಅವಳ ಮಗಳು, ನನ್ನ ಮೊಮ್ಮಗಳು ಬಿನ್ನೂ ಬಾಗಿಲ ಚಿಲಕ ಬಿದ್ದಿದೆಯಾ ಅಂತ ಮತ್ತೆ ಮತ್ತೆ ಎದ್ದು ನೋಡ್ತಾಳೆ. ಎಂಟು ವರ್ಷದ ಕೂಸು. ಮಹಿಪಾಲ ಜೈಲಲ್ಲಿದ್ದಾನೆ ಕಣೇ ಅಂದರೂ ನಂಬಲ್ಲ.

ನನ್ನ ಕಿರಿಮಗ. ಅವಳ ಚಿಕ್ಕಪ್ಪ. ಬರೆಯೋಕೂ ಕೈ ಬರಲ್ಲ. ಥೂ.

ಆಗಸ್ಟ್ ೫

ಹಿರಿಮಗ ಹರಗೋವಿಂದ ವಕೀಲನ್ನ ಕರ್ಕೊಂಡು ಬಂದ. ಯಾರ ವಕೀಲ? ಮಹಿಪಾಲಂದು! ಬಿನ್ನೂನ ಹೆತ್ತಪ್ಪ ಇವನು...

"ಅಮ್ಮಾಜಿ, ಹೊಸ ಕಾನೂನಲ್ಲಿ ಇದಕ್ಕೆ ಗಲ್ಲೂ ಆಗಬಹುದು. ಚಪ್ಪಲಿ ನೋಡಿಲ್ಲ ಅನ್ನಿ, ಸಾಕು. ಮಗು ಹೆದರಿ ಏನೋ ಹೇಳ್ತು ಅಂತ ನಾನು ವಾದ ಮಾಡ್ಕೋತೀನಿ," ಅಂದ ವಕೀಲ.

"ಅಂದ್ರೆ ನಮ್ಮ ಮಗು ಸುಳ್ಳುಗಾತಿ?"

"ನೀನು ಸುಮ್ನಿರಮ್ಮ," ಅಂದ ಹರಗೋವಿಂದ. "ಮೊದಲ ದಿನವೇ ಪೊಲೀಸಮ್ಮನ ಮುಂದೆ ಬಾಯಿ ಬಿಟ್ಟವಳು ನೀನೇ ಅಲ್ವಾ?"

ಹೌದು, ಬಿಟ್ಟೆ. ನೋಡಿದ್ದು ಹೇಳಿದೆ. ನಮ್ಮ ಎಲೆತೋಟದೊಳಗೆ ಯಾರೂ ಚಪ್ಪಲಿ ಮೆಟ್ಟಲ್ಲ, ಬಳ್ಳಿ ದೇವರು. ಆ ಮಧ್ಯಾಹ್ನ ತೋಟದ ತಡಿಕೆ ಬಾಗಿಲಲ್ಲಿ ಎರಡು ಜೋಡಿ ಇತ್ತು — ಬಿನ್ನೂದು ಕೆಂಪು, ಮಹಿಪಾಲಂದು ಪಟ್ಟಿ ಕಿತ್ತದ್ದು. ಕೂಗಿದೆ. ಬಿನ್ನೂ ಒಬ್ಬಳೇ ಹೊರಗೆ ಬಂದಳು, ನಿಲ್ಲೋಕಾಗದೆ. ನಾನು ನೀರು ತರೋಷ್ಟರಲ್ಲಿ ಅವನ ಜೋಡಿ ಮಾಯ. ಈಗ, ತೋಟದ ಕಡೆ ಹೋಗೇ ಇಲ್ಲ ಅಂತಾನೆ.

ಅಂಥ ಕೆಲಸಕ್ಕೆ ಹೋಗುವಾಗಲೂ ಕಳಚಿ ಜೋಡಿಸಿಟ್ಟು ಹೋಗಿದ್ದ! ನಾನೇ ಕಲಿಸಿದ್ದು. ಬಳ್ಳಿಗೆ ಕೊಟ್ಟ ಮರ್ಯಾದೆ ಮಗುವಿಗೆ ಕೊಡಲಿಲ್ಲ ಪಾಪಿ.

ಆಗಸ್ಟ್ ೯

ನಲ್ಲಿ ಹತ್ತಿರ ಪಕ್ಕದ ಮನೆ ಫೂಲಾ. "ಹೋದ ವರ್ಷ ಯಾವುದೋ ಊರಿನ ಮಗುವಿಗೋಸ್ಕರ ಮೇಣದಬತ್ತಿ ಹಿಡಿದು 'ಗಲ್ಲಿಗೆ ಹಾಕಿ' ಅಂತ ಬಜಾರೆಲ್ಲ ಕೂಗಿದ್ಯಲ್ಲಕ್ಕಾ. ಈಗ ಗಂಟಲು ಕಟ್ತಾ?"

"ನಿನ್ನ ನಾಲಿಗೆ ಬಿದ್ದು ಹೋಗ," ಅಂದೆ. ಅರ್ಧ ತುಂಬಿದ ಕೊಡ ಎತ್ಕೊಂಡು ಬಂದುಬಿಟ್ಟೆ. ಆದರೆ ಅವಳಂದಿದ್ದು ನಿಜ. ಆಗ ಅದು ಯಾರೋ ಹೆತ್ತ ಮಗ.

ಆಗಸ್ಟ್ ೧೬

ನಾಳೆ ಛತರ್‌ಪುರದ ಕೋರ್ಟು. ಹರಗೋವಿಂದ ಕಾಲು ಹಿಡಿದ. "ಅವನೂ ನಿನ್ನ ಹೊಟ್ಟೇಲೇ ಹುಟ್ಟಿದ್ದಮ್ಮ." ಗೊತ್ತಿಲ್ವಾ ನನಗೆ?

ಕಲಾವತಿ ಬಾಗಿಲಲ್ಲಿ ನಿಂತಿದ್ದಳು. ಇಷ್ಟು ದಿನಕ್ಕೆ ಬಾಯಿ ಬಿಟ್ಟಳು. "ಅತ್ತೆ, ನೀವು ಮಾತು ತಿರುಗಿಸಿದ್ರೆ ಅವನು ಇದೇ ಮನೆಗೆ ಬರ್ತಾನೆ. ಇದೇ ಅಂಗಳದಲ್ಲಿ ಮಲಗ್ತಾನೆ. ಬಿನ್ನೂ ಎಲ್ಲಿ ಮಲಗಲಿ? ಹೇಳಿ."

ಜಡ್ಜ್ ಸಾಹೇಬ್ರೇ, ಅವನನ್ನ ಸಾಯೋವರೆಗೂ ಒಳಗಿಡ್ರಪ್ಪಾ, ಮುಖ ಕೂಡ ತೋರಿಸಬೇಡಿ. ಕೊಲ್ಲಬೇಡಿ ಅಷ್ಟೇ. ನನ್ನ ಕೇಳೋರು ಯಾರು?

ಆಗಸ್ಟ್ ೧೭, ಸಂಜೆ

ಮೊದಲು ಬಿನ್ನೂನ ಕರೆದರು. ಪರದೆ ಕಟ್ಟಿದ್ದಾರೆ, ಅವನು ಕಾಣಲ್ಲ ಅಂತ ಸರ್ಕಾರಿ ವಕೀಲೆ ಧೈರ್ಯ ಹೇಳಿದಳು. ನಾನು ಹೊರಗೆ ಬೆಂಚಿನ ಮೇಲೆ. ಹೊರಗೆ ಬಂದವಳೇ ನನ್ನ ಮಗ್ಗುಲಿಗೆ ಒತ್ತಿ ಕೂತಳು.

ಆಮೇಲೆ ನಾನು. ಪೊಲೀಸರ ಮಧ್ಯೆ ಮಹಿಪಾಲ. ಗಡ್ಡ ಬಿಟ್ಟಿದ್ದಾನೆ. "ಅಮ್ಮಾ, ಏನಾದ್ರೂ ತಿಂದ್ಯಾ?" ಅಂದ. ಹಾಳಾದವನೇ, ಅದನ್ನೇ ಕೇಳಬೇಕಿತ್ತಾ!

ಅವನ ವಕೀಲ, "ವಯಸ್ಸಾಯ್ತಲ್ಲ ಅಮ್ಮಾಜಿ, ಕಣ್ಣು ಮಂಜು ಇರಬೇಕು," ಅಂದ.

"ಆ ಪಟ್ಟಿ ಹೊಲಿಸ್ಕೊಂಡು ಬಾರೋ ಅಂತ ಅವತ್ತು ಬೆಳಿಗ್ಗೆ ಬೈದವಳು ನಾನು. ನನ್ನ ಮಗನ ಚಪ್ಪಲಿ. ಮಹಿಪಾಲಂದು."

ಹೇಳಿದೆ. ಅವನ ಕಡೆ ನೋಡಲಿಲ್ಲ. ಬಸ್ಸಲ್ಲಿ ಹರಗೋವಿಂದ ಬೇರೆ ಸೀಟಲ್ಲಿ ಕೂತ.

ನವೆಂಬರ್ ೨೨

ಹರಗೋವಿಂದ ಕೋರ್ಟಿನಿಂದ ಫೋನ್ ಮಾಡಿದ. "ಗಲ್ಲು," ಅಂದ, ಇಟ್ಟ. ಮೇಲಿನ ಕೋರ್ಟುಗಳಿವೆ ಅಂತಾರೆ. ಇರಲಿ. ನನ್ನ ಕಿವಿಗೆ ಬಿದ್ದಾಯ್ತು.

ಬಿನ್ನೂ ಹಿಂದೆಯೇ ನಿಂತಿದ್ದಳು. ಫೋನಲ್ಲಿ ಅಂದದ್ದು ಕೇಳಿಸಿಕೊಂಡಿದ್ದಳು.

"ಅಜ್ಜೀ, ನಾನ್ ಹೇಳಿದ್ದಕ್ಕೆ ಚಿಕ್ಕಪ್ಪನ್ನ ಸಾಯಿಸ್ತಾರಾ?"

"ಅಯ್ಯೋ, ನೀನು ಹೇಳಿದ್ದು ಅಲ್ಲಿ ಯಾರಿಗೂ ಕೇಳಿಸಲೇ ಇಲ್ವಂತೆ ಕಣೇ, ಅಷ್ಟು ಮೆಲ್ಲಗೆ ಹೇಳಿದ್ಯಂತೆ. ಹೇಳಿದ್ದು ನಾನು. ನಾನ್ ಹೇಳಿದ್ದಕ್ಕೇ."

"ಆಣೆ?"

"ಆಣೆ."

ಆಮೇಲೆ ಹಸಿವು ಅಂದಳು. ರೊಟ್ಟಿಯೊಳಗೆ ಬೆಲ್ಲ ಇಟ್ಟು ಸುತ್ತಿಸಿಕೊಂಡು ಎರಡು ತಿಂದಳು. ಇನ್ನೊಂದು ಅಂದಳು.

ಒಲೆ ಮುಂದೆ ಕೂತು ಇನ್ನೊಂದು ತಟ್ಟಿದೆ. ಮಹಿಪಾಲನಿಗೂ ಚಿಕ್ಕವನಿದ್ದಾಗ ಹೀಗೇ ಬೆಲ್ಲ —