ಕೋರ್ಟಿನಲ್ಲಿ ಇಲ್ಲದ ಕಾಗದ

ಲಿಕ್ ಬ್ರಾಂಚ್, ಹೋಬರ್ಟ್ ಕೌಂಟಿ, ಕೆಂಟಕಿ
ಬುಧವಾರ, ಅಕ್ಟೋಬರ್ 9, 1996

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೊಣಕಾಲಿನ ನೋವು ಕಡಿಮೆಯಾಯಿತೇ? ಮೆಟ್ಟಿಲು ಹತ್ತುವಾಗ ಹಿಡಿದುಕೊಳ್ಳುತ್ತದೆ ಎಂದು ಹೋದ ಕ್ರಿಸ್‌ಮಸ್ ಕಾರ್ಡಿನಲ್ಲಿ ನೀನು ಬರೆದಿದ್ದೆ. ಡೇಟನ್ನಿನಲ್ಲಿ ಆಗಲೇ ಚಳಿ ಬಿದ್ದಿರಬೇಕು. ನಿನ್ನ ಮಗಳು ಟ್ಯಾಮಿ ಈಗ ಮೂರನೇ ಕ್ಲಾಸಲ್ಲವೇ? ಅವಳ ಶಾಲೆಯ ಫೋಟೋವನ್ನು ಲಾರಿಯ ಕನ್ನಡಿಗೆ ಸಿಕ್ಕಿಸಿಕೊಂಡಿದ್ದೇನೆ. ಮುಂದಿನ ಎರಡು ಹಲ್ಲಿಲ್ಲದೆ ನಗುವುದು ಥೇಟ್ ನನ್ನ ಹಾಗೆಯೇ ಎಂದು ನೋಡಿದವರೆಲ್ಲ ಹೇಳುತ್ತಾರೆ. ನಾನು ಗಟ್ಟಿಯಾಗಿದ್ದೇನೆ. ಸಾಮಿಲ್ಲಿನ ಕೆಲಸ ಬಿಟ್ಟೆ. ಅದಕ್ಕೆ ಮುಂಚೆ ಟೈರಿನ ಅಂಗಡಿ ಬಿಟ್ಟಿದ್ದೆ, ಅದಕ್ಕೂ ಮುಂಚೆ ಕೋಳಿ ಫಾರ್ಮು. ಈಗ ಜಲ್ಲಿ ಲಾರಿ ಓಡಿಸುತ್ತೇನೆ, ಇದೂ ಎಷ್ಟು ದಿನವೋ ಗೊತ್ತಿಲ್ಲ. ಒಂದು ಕಡೆ ಕೂತರೆ ಮೈಯೆಲ್ಲ ಇರುವೆ ಹರಿದ ಹಾಗಾಗುತ್ತದೆ. ಹತ್ತನೇ ಕ್ಲಾಸೂ ಹಾಗೇ ತಾನೇ ಬಿಟ್ಟಿದ್ದು. ಈ ಕಾಗದಕ್ಕೆ ಕೂತವನು ಆಗಲೇ ಮೂರು ಸಲ ಎದ್ದು ಅಂಗಳಕ್ಕೆ ಹೋಗಿ ಬಂದಿದ್ದೇನೆ.

ಫೋನ್ ಮಾಡಬಾರದಿತ್ತೇ ಅನ್ನುತ್ತೀಯ. ಎರಡು ಸಲ ಮಾಡಿದೆ. ಎರಡು ಸಲವೂ ನಿನ್ನ ಗಂಡನೇ ಎತ್ತಿದ. "ಯಾರು ಬೇಕು?" ಅಂದ. ಫೋನ್ ಇಟ್ಟುಬಿಟ್ಟೆ. ಕರ್ಟಿಸ್ ಮೇಲೆ ನನಗೆ ಸಿಟ್ಟೇನೂ ಇಲ್ಲ. ಆದರೆ ಈ ವಿಷಯ ಅವನ ಕಿವಿಗೆ ಬೀಳುವ ಮುಂಚೆ ನಿನ್ನ ಕಣ್ಣಿಗೆ ಬೀಳಬೇಕು.

ಅಪ್ಪ ಸಾಯುತ್ತಿದ್ದಾನೆ ಅಮ್ಮಾ. ಕಲ್ಲಿದ್ದಲು ಗಣಿಯ ಧೂಳಿನ ಕೆಮ್ಮು ಎದೆಯನ್ನು ಪೂರ್ತಿ ತಿಂದುಹಾಕಿದೆ. ಸೆಪ್ಟೆಂಬರ್ ಕೊನೆಯ ವಾರ ಊಟಕ್ಕೆ ಕೂತಾಗ ಉಸಿರು ಸಿಕ್ಕಿಹಾಕಿಕೊಂಡು ಮೆಕ್ಕೆಜೋಳದ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಕೆಳಗೆ ಬಿದ್ದ. ಆಂಬುಲೆನ್ಸಿನವರು ಗಂಟಲಿಗೆ ಕೊಳವೆ ಇಳಿಸಿ ಕರೆದೊಯ್ದರು. ಅಂದಿನಿಂದ ಮೆಷಿನ್ನೇ ಅವನ ಬದಲಿಗೆ ಉಸಿರಾಡುತ್ತಿದೆ. ಕಣ್ಣು ಬಿಟ್ಟಿಲ್ಲ. ಇನ್ನು ಎಚ್ಚರ ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಹೀಗೇ ಇಟ್ಟುಕೊಳ್ಳುವುದಾದರೆ ಈ ತಿಂಗಳ ಇಪ್ಪತ್ತೊಂದಕ್ಕೆ ಗಂಟಲಿಗೆ ತೂತು ಕೊರೆದು ಕೊಳವೆಯನ್ನು ಅಲ್ಲಿಗೆ ಬದಲಾಯಿಸುತ್ತಾರಂತೆ. ಹಾಗೆ ಮಾಡಿದರೆ ವರ್ಷಗಟ್ಟಲೆ ಎಳೆಯಬಹುದಂತೆ. ಅಪ್ಪ ಈ ವಿಷಯದಲ್ಲಿ ಏನು ಹೇಳಿದ್ದ ಎಂದು ಊರಿಗೆಲ್ಲ ಗೊತ್ತು. "ಗಣೀಲಿ ಹೇಸರಗತ್ತೆ ಕಟ್ಟಿದ ಹಾಗೆ ನನ್ನ ಮೆಷಿನ್ನಿಗೆ ಕಟ್ಟಬ್ಯಾಡ್ರೋ. ಕಟ್ಟಿದವನ ಕನಸಲ್ಲಿ ಬಂದು ಒದೀತೀನಿ" ಅನ್ನುತ್ತಿದ್ದ. ಆದರೆ ಅದನ್ನು ಬರೆದಿಟ್ಟಿರಲಿಲ್ಲ. ಅಪ್ಪ ಯಾವತ್ತು ಏನು ಬರೆದಿದ್ದಾನೆ?

ಮೆಷಿನ್ನು ತೆಗೆಯಲು ಯಾರಾದರೂ ಸಹಿ ಹಾಕಬೇಕು. ಓಪಲ್ ಹಾಕುವಂತಿಲ್ಲ. ಹನ್ನೊಂದು ವರ್ಷದಿಂದ ಅವನ ಮನೆಯಲ್ಲಿದ್ದು ಅವನ ಉಗುಳಿನ ಬಟ್ಟಲು ತೊಳೆದವಳು ಅವಳು, ಆದರೆ ಮದುವೆ ಆಗಿಲ್ಲ. ಮಗ ನಾನಿದ್ದೇನಲ್ಲ, ಒಬ್ಬನೇ ಮಗ, ನಾನು ಹಾಕುತ್ತೇನೆ ಎಂದೆ. ಆಸ್ಪತ್ರೆಯ ಆಫೀಸಿನ ಹೆಂಗಸು ಹಳೇ ದಾಖಲೆ ತೆಗೆದು ನೋಡಿದಳು. ಅಪ್ಪ ಕಾಲು ಮುರಿದುಕೊಂಡ ವರ್ಷದ್ದು. ಅದರಲ್ಲಿ 'ಹೆಂಡತಿ: ಐಮೊಜೀನ್ ಸ್ಟ್ಯಾಂಪರ್' ಎಂದು ನಿನ್ನ ಹೆಸರಿತ್ತು. "ಅವರು ಬಿಟ್ಟು ಹೋಗಿ ಹದಿಮೂರು ವರ್ಷ ಆಯ್ತು" ಅಂದೆ. ಅವಳು ಕನ್ನಡಕ ಕೆಳಗಿಳಿಸಿ, "ಮನೆ ಬಿಟ್ಟಿದ್ದೋ, ಕೋರ್ಟಲ್ಲಿ ಬಿಟ್ಟಿದ್ದೋ?" ಅಂತ ಕೇಳಿದಳು. ಹೆಂಡತಿ ಇದ್ದರೆ ಮೊದಲ ಹಕ್ಕು ಹೆಂಡತಿಯದು, ಆಮೇಲೆ ಮಕ್ಕಳದು. ಡೈವೋರ್ಸಿನ ತೀರ್ಪಿನ ನಕಲು ಕೋರ್ಟಿನಿಂದ ತಂದರೆ ನನ್ನ ಸಹಿ ನಡೆಯುತ್ತದೆ ಎಂದಳು. ಇಷ್ಟೇ ತಾನೇ ಅಂದುಕೊಂಡು ಹೊರಟೆ.

ಮೊದಲು ನಮ್ಮ ಕೌಂಟಿ ಕೋರ್ಟಿಗೇ ಹೋದೆ. ಕಿಟಕಿಯ ಹಿಂದೆ ಕೂತಿದ್ದವನು, "ಯಾವ ವರ್ಷ? ಕೇಸ್ ನಂಬರ್ ಎಷ್ಟು? ಹಾಕಿದ್ದು ಗಂಡನೋ ಹೆಂಡ್ತಿನೋ?" ಅಂದ. ಗೊತ್ತಿಲ್ಲ ಅಂದೆ. "ಏನೂ ಗೊತ್ತಿಲ್ದೆ ಬಂದ್ರೆ ನಾನೇನು ದೇವರಾ ತಮ್ಮಾ?" ಅಂತ ಹೇಳಿ ಉದ್ದನೆಯ ಪುಸ್ತಕಗಳನ್ನು ನನ್ನ ಕಡೆ ತಳ್ಳಿದ. ಅಪ್ಪನ ಹೆಸರಲ್ಲಿ ಐದು ವರ್ಷದ ಪುಸ್ತಕ ಹುಡುಕಿದೆ. ಸ್ಟ್ಯಾಂಪರ್‌ಗಳು ಬೇಕಾದಷ್ಟು, ಡೆಲ್ಬರ್ಟ್ ಸ್ಟ್ಯಾಂಪರ್ ಇಲ್ಲ. ಕೇಸು ಹಾಕಿದವರ ಹೆಸರಿನಲ್ಲಿ ಬರೆದಿರುತ್ತಾರೆಂದು ಆಮೇಲೆ ತಿಳಿಯಿತು. ನಿನ್ನ ಹೆಸರಲ್ಲಿ ನೋಡಿದೆ, ಅದೂ ಇಲ್ಲ. ಹೊರಗೆ ಬಂದು ಲಾರಿ ಹತ್ತುವಾಗ ಹೊಳೆಯಿತು: ಮನೆ ಬಿಟ್ಟ ಮೇಲೆ ಮೊದಲ ವರ್ಷ ನೀನು ಅಜ್ಜಿಯ ಮನೆಯಲ್ಲಿದ್ದೆ, ಅದು ಮೆರಿಟ್ ಕೌಂಟಿಗೆ ಸೇರುತ್ತದೆ.

ಮರುದಿನ ಗುಡ್ಡ ದಾಟಿ ಅಲ್ಲಿಗೆ ಹೋದೆ. ಅಲ್ಲಿ ನೀವಾ ಎಂಬ ವಯಸ್ಸಾದ ಹೆಂಗಸು ದಾಖಲೆ ನೋಡಿಕೊಳ್ಳುತ್ತಾಳೆ. ಒಂದು ಅರ್ಜಿ ಕೊಟ್ಟಳು. ಇಬ್ಬರ ಹೆಸರು, ಹೆಚ್ಚುಕಮ್ಮಿ ವರ್ಷ, ಯಾತಕ್ಕೆ ಬೇಕು, ನಿಮಗೂ ಈ ಕೇಸಿಗೂ ಏನು ಸಂಬಂಧ. ಕೊನೆಯದರ ಮುಂದೆ 'ಮಗ' ಎಂದು ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತು. ಅವಳು ಓದಿ, "ಕೂತ್ಕೋ ಮರಿ" ಅಂತ ಹೇಳಿ ನೆಲಮಾಳಿಗೆಗೆ ಇಳಿದು ಹೋದಳು. ನಾನು ಕೂರಲಿಲ್ಲ. ಅರ್ಧ ಗಂಟೆಯ ಮೇಲೆ ಒಂದು ಫೈಲು ತಂದಳು. ಅಂಚಿಗೆಲ್ಲ ಒಣಗಿದ ಕೆಸರು. ಮೇಲೆ 'ಅರ್ಜಿದಾರಳು ಐಮೊಜೀನ್ ಸ್ಟ್ಯಾಂಪರ್, ಪ್ರತಿವಾದಿ ಡೆಲ್ಬರ್ಟ್ ಸ್ಟ್ಯಾಂಪರ್, 1983' ಎಂದಿತ್ತು. ನನ್ನ ಎದುರಿಗೇ ಒಂದೊಂದು ಹಾಳೆ ತಿರುವಿದಳು. ಕೊನೆಗೆ ಬಂದು ನಿಂತಳು, ಮತ್ತೆ ಮೊದಲಿಂದ ತಿರುವಿದಳು.

"ತೀರ್ಪಿನ ಹಾಳೆ ಬಿದ್ದುಹೋಗಿರಬೇಕು ಮೇಡಂ" ಅಂದೆ.

"ಬಿದ್ದುಹೋಗಿಲ್ಲ ಮಗಾ. ತೀರ್ಪೇ ಆಗಿಲ್ಲ."

ನನಗೆ ಅರ್ಥವಾಗಲಿಲ್ಲ. ವಕೀಲ ಕಾಗದ ಹಾಕಿದ್ದಾನೆ, ನಮ್ಮಮ್ಮ ಸಹಿ ಮಾಡಿದ್ದಾಳೆ, ಇನ್ನೇನು ಬೇಕು ಅಂದೆ. ಅವಳು ನಗಲಿಲ್ಲ. "ಎಲ್ಲರೂ ಹಂಗೇ ಅನ್ಕೊಳ್ಳೋದು. ಅರ್ಜಿ ಕೊಟ್ಟರೆ ಬಿಡುಗಡೆ ಆಯ್ತು ಅಂತ. ಕೆಳಗಿನ ಕಪಾಟು ನೋಡಿದ್ರೆ ಅರ್ಧ ಊರು ಇನ್ನೂ ಗಂಡ ಹೆಂಡ್ತಿನೇ. ಅವರಿಗೆ ಗೊತ್ತಿಲ್ಲ ಅಷ್ಟೆ" ಅಂದಳು. ನಿನ್ನ ಕೇಸಿನ ವಿಚಾರಣೆ 1984ರ ಮೇ ಎಂಟಕ್ಕೆ ಇತ್ತು. ಆ ವಾರವೇ ಹೊಳೆ ಉಕ್ಕಿ ಕೋರ್ಟಿನೊಳಗೆ ಸೊಂಟದವರೆಗೆ ನೀರು. ಜೂನಿಗೆ ಬೇರೆ ದಿನ ಕೊಟ್ಟಿದ್ದಾರೆ. ಅಷ್ಟು ಹೊತ್ತಿಗೆ ನೀನು ಡೇಟನ್ ಬಸ್ಸು ಹತ್ತಿದ್ದೆ, ನಿನ್ನ ವಕೀಲನೂ ಊರು ಬಿಟ್ಟಿದ್ದ. ಯಾರೂ ಬರಲಿಲ್ಲ. ಒಂದು ವರ್ಷ ಕಾದು, ಮೂವತ್ತು ದಿನದಲ್ಲಿ ಬಂದು ಕೇಸು ಮುಂದುವರಿಸಿ ಎಂದು ಹೇಳದಿದ್ದರೆ ಕೇಸು ವಜಾ ಎಂದು ನಿಮ್ಮಿಬ್ಬರಿಗೂ ನೋಟಿಸು ಕಳಿಸಿದ್ದಾರೆ. ನಿನ್ನ ಡೇಟನ್ ವಿಳಾಸ ಅವರಿಗೆ ಗೊತ್ತಿರಲಿಲ್ಲ, ಎರಡೂ ಬಂದದ್ದು ನಮ್ಮ ಮನೆಗೆ. ಅಂಚೆಯ ಎರಡು ರಸೀತಿ ಫೈಲಿನಲ್ಲಿವೆ. ನಿನ್ನದಕ್ಕೂ ಅವನದಕ್ಕೂ ಸಹಿ ಒಬ್ಬನದೇ, ಅಪ್ಪನದು. ಆ ದಪ್ಪ ಅಕ್ಷರ ನನಗೆ ಗೊತ್ತಿಲ್ಲವೇ? ಅವನು ಕೋರ್ಟಿಗೂ ಹೋಗಲಿಲ್ಲ, ನಿನಗೂ ಹೇಳಲಿಲ್ಲ, ಕೇಸು ವಜಾ ಆಯಿತು.

ಅಂದರೆ ಅವನಿಗೆ ಗೊತ್ತಿತ್ತು ಅಮ್ಮಾ. ಇಷ್ಟು ವರ್ಷವೂ ಗೊತ್ತಿತ್ತು.

ಫೈಲಿನಲ್ಲಿ ಇನ್ನೊಂದು ಸಾಲಿತ್ತು. 'ಒಂಬತ್ತು ವರ್ಷದ ಮಗ ರಾಂಡಲ್‌ನನ್ನು ನನ್ನ ಸುಪರ್ದಿಗೆ ಕೊಡಬೇಕೆಂದು ಪ್ರಾರ್ಥನೆ.' ನಾನು ಅದನ್ನು ಬೆರಳಿಟ್ಟು ಓದಿದೆ. "ನಿಮ್ಮಮ್ಮ ನಿನ್ನ ಬ್ಯಾಡ ಅಂದು ಹೋದ್ಲು ಕಣೋ, ಹಳೇ ಚಪ್ಪಲಿ ಬಿಟ್ಟ ಹಾಗೆ" ಎಂದು ಅಪ್ಪ ಎಷ್ಟು ಸಲ ಹೇಳಿದ್ದನೋ. ನಾನು ನಂಬಿದ್ದೆ. ನಿನ್ನ ಕಾರ್ಡುಗಳಿಗೆ ಐದಾರು ವರ್ಷ ಉತ್ತರ ಬರೆಯದೆ ಇದ್ದದ್ದು ಅದಕ್ಕೇ. ತಪ್ಪಾಯಿತು. ನೀವಾ ನಕಲು ಮಾಡಿ, ಮೊಹರು ಒತ್ತಿ ಕೊಟ್ಟಳು. ಹೊರಡುವಾಗ, "ಡೈವೋರ್ಸ್ ಕಾಗದ ಬೇಕು ಅಂತ ಬಂದೆ, ಮದುವೆ ಕಾಗದ ತಗೊಂಡು ಹೋಗ್ತಿದ್ದೀಯ" ಅಂದಳು. ಕುಹಕಕ್ಕಲ್ಲ, ಅವಳ ಮುಖವೂ ಬಾಡಿತ್ತು.

ಓಪಲ್‌ಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಹೇಳಿದೆ. ಮದುವೆಯ ಮಾತೆತ್ತಿದಾಗಲೆಲ್ಲ ಅಪ್ಪ ಅವಳಿಗೆ "ಕೋರ್ಟಿಂದ ಕಾಗದ ಬರಲಿ" ಅನ್ನುತ್ತಿದ್ದನಂತೆ. ಅವಳು ಅಳಲಿಲ್ಲ. ಕೈಯಲ್ಲಿದ್ದ ಅವನ ಒಗೆದ ಷರಟನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ಹನ್ನೊಂದು ವರ್ಷ ಒಂದು ಕಾಗದಕ್ಕೆ ಅಡುಗೆ ಮಾಡಿ ಹಾಕಿದ್ನಲ್ಲೋ. ಒಳಗೆ ಹೋಗಿ ಎರಡು ಬಿಡೋಣ ಅಂದ್ರೆ ಮುದುಕನಿಗೆ ಎಚ್ಚರಾನೂ ಇಲ್ಲ" ಅಂದಳು. ಆಮೇಲೆ ಒಳಗೆ ಹೋಗಿ ಅವನ ತುಟಿಗೆ ಒದ್ದೆ ಬಟ್ಟೆ ಇಟ್ಟಳು. ಈಗಲೂ ದಿನಾ ಹೋಗುತ್ತಾಳೆ.

ಆದ್ದರಿಂದ ಸಹಿ ನೀನೇ ಹಾಕಬೇಕು. ಆಸ್ಪತ್ರೆಯ ಫಾರಂ ಇದರೊಳಗೆ ಇಟ್ಟಿದ್ದೇನೆ. ಯಾವುದಾದರೂ ಬ್ಯಾಂಕಿಗೆ ಹೋಗಿ ನೋಟರಿಯ ಎದುರು ಹಾಕು. ರೋಗಿಗೆ ನೀವು ಏನಾಗಬೇಕು ಎಂಬ ಕಡೆ 'ಹೆಂಡತಿ' ಎಂದು ಬರೆಯಬೇಕು. ಆ ಮಾತು ಬರೆದರೆ ಕರ್ಟಿಸ್ ಜತೆಗಿನ ನಿನ್ನ ಮದುವೆ ಏನಾಗುತ್ತದೆಂದು ನನಗೂ ಗೊತ್ತು. ನೀವಾನನ್ನು ಕೇಳಿದೆ. ಮೊದಲನೆಯವನು ಬದುಕಿರುವಾಗ ಮಾಡಿಕೊಂಡದ್ದು ಮದುವೆಯೇ ಅಲ್ಲವಂತೆ. ಅವನು ಹೋದ ಮೇಲೆ ಇನ್ನೊಂದು ಸಲ ಸರಿಯಾಗಿ ಮಾಡಿಕೊಳ್ಳಬಹುದಂತೆ. ಕರ್ಟಿಸ್‌ಗೆ ಹೇಗೆ ಹೇಳುತ್ತೀಯೋ ನಿನಗೆ ಬಿಟ್ಟದ್ದು. ಟ್ಯಾಮಿಗೆ ಏನೂ ಹೇಳಬೇಡ, ಅವಳದೇನು ತಪ್ಪು? ನಿನ್ನ ಸಂಸಾರಕ್ಕೆ ಕಲ್ಲು ಹಾಕಬೇಕೆಂದು ಬರೆಯುತ್ತಿಲ್ಲ. ಬೇರೆ ದಾರಿ ಇದ್ದಿದ್ದರೆ ಈ ಫೈಲನ್ನು ಕೆಸರಿನಲ್ಲೇ ಬಿಟ್ಟುಬರುತ್ತಿದ್ದೆ. ಅಪ್ಪನನ್ನು ಹೋಗಿ ನೋಡಿದರೆ ಮನುಷ್ಯ ಮಲಗಿದ ಹಾಗಿಲ್ಲ. ಎದೆ ಏಳುತ್ತದೆ, ಇಳಿಯುತ್ತದೆ, ಅಷ್ಟೇ. ಅವನು ಕೇಳಿಕೊಂಡದ್ದು ಒಂದೇ ಒಂದು. ಇದಾದರೂ ನಡೆಯಲಿ.

ಹುಷಾರಾಗಿರು. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು. ಟ್ಯಾಮಿಯ ಹಣೆಗೆ ನನ್ನದೊಂದು ಮುತ್ತು, ಅಣ್ಣ ಕೊಟ್ಟದ್ದು ಎಂದು ಹೇಳು. ಅಜ್ಜಿಯ ಸಮಾಧಿಗೆ ಬೇಸಿಗೆಯಲ್ಲಿ ಹೂ ಇಟ್ಟಿದ್ದೆ, ನಿನ್ನ ಹೆಸರಿನಲ್ಲೂ.

ಇಂತು ನಿನ್ನ ಮಗ,
ರಾಂಡಲ್

ತಾ.ಕ.: ಅಂಚೆಯ ಗಾಡಿ ಹೊರಡುವುದರಲ್ಲಿದೆ, ಬೇಗ ಬರೆಯುತ್ತೇನೆ. ಬೇರೆ ದಾರಿ ಇಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಆಸ್ಪತ್ರೆಯವರಿಗೆ ನಾನು ಫೈಲು ತೋರಿಸಿಲ್ಲ. ಕಾಗದ ಸಿಕ್ಕಿತೇ ಎಂದು ಆ ಹೆಂಗಸು ಕೇಳಿದಾಗ, ಪ್ರವಾಹದಲ್ಲಿ ಹಾಳಾಗಿದೆ ಎಂದುಬಿಟ್ಟೆ. ಹಾಗಿದ್ದರೆ ಡೈವೋರ್ಸ್ ಆಗಿದೆ ಎಂದು ಪ್ರಮಾಣ ಮಾಡಿ ಬರೆದುಕೊಡು, ನಿನ್ನ ಸಹಿಯೇ ಸಾಕು ಎಂದು ಪೆನ್ನು ಕೊಟ್ಟಳು. ಹಿಡಿದೆ. ನಿನ್ನ ಅರ್ಜಿಯ ಮೂರನೇ ಪುಟವನ್ನೂ ಓದಿದ್ದೇನೆ ಅಮ್ಮಾ. ಒಲೆಯ ಕಬ್ಬಿಣದ ಸಲಾಕೆ, ಎರಡು ಕಡೆ ಮುರಿದ ನಿನ್ನ ಎಡಗೈ. ಮಗು ಪಕ್ಕದ ಕೋಣೆಯಲ್ಲಿ ನಿದ್ದೆಯಲ್ಲಿತ್ತು ಎಂದು ಹೇಳಿದ್ದೀಯ. ನಾನು ನಿದ್ದೆ ಮಾಡಿರಲಿಲ್ಲ. ಪೆನ್ನು ಹಿಡಿದಾಗ ಅಪ್ಪ ಕೇಳಿಕೊಂಡದ್ದು ನೆನಪಿಗೆ ಬರಲಿಲ್ಲ, ಆ ರಾತ್ರಿಯ ಸದ್ದು ಬಂತು. ಕೈಗೆ ಬಹಳ ಅವಸರವಿತ್ತು. ಹೆದರಿ ಪೆನ್ನು ಇಟ್ಟು ಓಡಿಬಂದೆ. ನೀನು ಸಿಟ್ಟಿನಿಂದಲೇ ಸಹಿ ಹಾಕಿದರೂ ಅದು ನಿನ್ನ ಸಿಟ್ಟು, ನಿನಗೆ ಹಕ್ಕಿದೆ. ನಾನು ಹಾಕಿದರೆ ಅವನನ್ನು ಬಿಡಿಸಿದೆನೋ ಕೊಂದೆನೋ ಸಾಯುವವರೆಗೂ ನನಗೆ ಗೊತ್ತಾಗುವುದಿಲ್ಲ. ಹದಿನೆಂಟನೇ ತಾರೀಖು ಶುಕ್ರವಾರದೊಳಗೆ ನಿನ್ನ ಫಾರಂ ಬರಬೇಕು. ಬರದಿದ್ದರೆ ಶನಿವಾರ ಬೆಳಿಗ್ಗೆ ಹೋಗಿ ನಾನೇ ಸಹಿ ಹಾಕುತ್ತೇನೆ.