ಮೂರನೆಯ ಅಮಾವಾಸ್ಯೆ

ದಾಂಡೇಲಿ
೧೨ ನವೆಂಬರ್ ೨೦೨೪, ಮಂಗಳವಾರ

ಮುದ್ದಿನ ಮಗಳು ಸ್ವಪ್ನಾಳಿಗೆ,

ಕೂಸಿನ ಕೆಮ್ಮು ನಿಂತಿತೇ? ಅಳಿಯಂದಿರ ಬೆನ್ನುನೋವು ಹೇಗಿದೆ? ಮೊಬೈಲಿನ ಗಾಜು ಒಡೆದಿದೆ ಎಂದು ಮೂರು ತಿಂಗಳಿಂದ ವಿಡಿಯೋ ಕಾಲ್ ತಪ್ಪಿಸಿದೆ. ಗಾಜು ಒಡೆದಿಲ್ಲ. ನನ್ನ ಮುಖ ನಿನಗೆ ಕಾಣಬಾರದೆಂದು ಸುಳ್ಳು ಹೇಳಿದೆ. ಈಗ ಮಾತೂ ತೊದಲುತ್ತದೆ, ಅದಕ್ಕೇ ಈ ಕಾಗದ.

ಕೊನೆಯ ಸಲ ವಿಡಿಯೋದಲ್ಲಿ ಕೂಸು "ಅಜ್ಜೀ, ನೆಟ್ಟಗ ನಗು" ಎಂದಿತ್ತಲ್ಲ, ನೀನು ನಕ್ಕೆ. ಆಗಲೇ ನನ್ನ ಬಲಗಡೆಯ ತುಟಿ ಇಳಿದಿತ್ತು. ನಿಮ್ಮಪ್ಪನನ್ನು ನೆನೆದು ಅತ್ತು ಅತ್ತು ಹೀಗಾಗಿದೆ ಎಂದುಕೊಂಡೆ. ಆಮೇಲೆ ಆ ಕಣ್ಣು ಮುಚ್ಚದಾಯಿತು, ಕುಡಿದ ಚಹಾ ಬಾಯಿಯ ಮೂಲೆಯಿಂದ ಸೋರತೊಡಗಿತು. ಪಕ್ಕದ ಮನೆಯ ಅನ್ನಾ "ದವಾಖಾನಿಗೆ ಹೋಗೂಣು ನಡೀರಿ ಅಕ್ಕಾ" ಎಂದು ಬಡಕೊಂಡಳು. ನಾನು ಚಿಗಳ್ಳಿಯ ನಾಟಿ ವೈದ್ಯ ಅಡಿವೆಯ್ಯನವರ ಬಳಿ ಹೋದೆ. "ಗಾಳಿ ಬಡದೈತಿ, ತಂಗೀ. ಮೂರು ಅಮಾಸಿಗೆ ಮೂರು ಸಲ ಔಷಧ. ನಡುವ ಡಾಕ್ಟರ ಗುಳಿಗಿ ತಗೊಂಡಿ ಅಂದ್ರ ಔಷಧ ಮುರೀತೈತಿ" ಎಂದರು. ನಿಜ ಹೇಳಲೇ? ನನಗೆ ಸಮಾಧಾನವಾಯಿತು. ಧಾರವಾಡದ ಆಸ್ಪತ್ರೆಗೆ ಹೋಗದಿರಲು ಒಂದು ನೆಪ ಸಿಕ್ಕಿತು.

ಕಿವಿಯ ಕೆಳಗೆ ಹುಣಸೆಬೀಜದಷ್ಟು ಗಂಟಿತ್ತು. ಅವರ ಮುಂದೆ ಸೆರಗು ಸರಿಸಿ ತೋರಿಸಲಿಲ್ಲ. ಮೂರನೆಯ ಅಮಾವಾಸ್ಯೆಯ ಹೊತ್ತಿಗೆ ಅದು ನೆಲ್ಲಿಕಾಯಿಯಷ್ಟಾಗಿತ್ತು.

ನಿನ್ನೆ ಅನ್ನಾ ನನ್ನನ್ನು ಧಾರವಾಡಕ್ಕೆ ಎಳೆದುಕೊಂಡೇ ಹೋದಳು. ಹೋದ ವರ್ಷ ನಿಮ್ಮಪ್ಪನನ್ನು ನಡುವೆ ಕೂರಿಸಿಕೊಂಡು ನಾವಿಬ್ಬರೂ ಕಾಯುತ್ತಿದ್ದ ಅದೇ ಬೆಂಚು, ಸ್ವಪ್ನಾ. ಡಾಕ್ಟರಮ್ಮ ಗಂಟು ಮುಟ್ಟಿ ನೋಡಿದರು. "ಬರೇ ನರದ ತ್ರಾಸ ಆಗಿದ್ರ ಇಷ್ಟೊತ್ತಿಗೆ ಸುಧಾರಸ್ತಿತ್ತರಿ. ನಿಮ್ಮದು ಮೆಲ್ಲಕ ಹೆಚ್ಚಾಗ್ಕೋತ ಬಂದೈತಿ. ಈ ಗಂಟ ನರಾ ಹಿಡದಿರಬಹುದು. ಸೂಜಿ ಹಾಕಿ ಒಂದ ಚೂರ ತಗದು ತಪಾಸಣಿ ಮಾಡಿ ನೋಡೂಣು" ಎಂದರು. "ಇದೂ ಕ್ಯಾನ್ಸರ್ ಏನ್ರಿ, ನಮ್ಮ ಮನಿಯವರಿಗೆ ಆದಂಗ?" ಎಂದು ಕೇಳಿದೆ. "ನೋಡದ ಹೇಳಾಕ ಬರೂದಿಲ್ಲ" ಎಂದರು. ಅಲ್ಲ ಎನ್ನಲಿಲ್ಲ.

ಅನ್ನಾ ಜೊತೆಗಿರುತ್ತಾಳೆ. ನೀನು ಕೆಲಸ ಬಿಟ್ಟು ಗೋವಾದಿಂದ ಓಡಿ ಬರುವುದು ಬೇಡ. ಅಪ್ಪನ ಸೇವೆ ಮಾಡಿಯೇ ದಣಿದಿದ್ದೀ. ಕೂಸಿನ ನೆತ್ತಿಗೆ ಎಣ್ಣೆ ಒತ್ತು. ಅಳಿಯಂದಿರಿಗೆ ನನ್ನ ನಮಸ್ಕಾರ ಹೇಳು. ನಿಮ್ಮ ಮೂವರ ಮುಖ ಸದಾ ನಗುತ್ತಿರಲಿ.

ನಿನ್ನ ಅವ್ವ,
ಗೋದುಬಾಯಿ

ತಾ.ಕ.: ಈ ಕಾಗದ ನಿನ್ನ ಕೈಗೆ ಕೊಡಲು ಗೋವಾಕ್ಕೆ ಹೊರಟ ಅನ್ನಾ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲೇ ನಿಂತಿದ್ದಾಳೆ. ಬರುವುದು ಬೇಡ ಎಂದು ಮೇಲೆ ಬರೆದದ್ದು ಸುಳ್ಳು. ಸೂಜಿ ಹಾಕುವುದು ಬರುವ ಸೋಮವಾರ ಹತ್ತು ಗಂಟೆಗೆ. ರವಿವಾರವೇ ಬಾ. ಆ ಬೆಂಚಿನ ಮೇಲೆ ನೀನಿಲ್ಲದೆ ಕೂರಲು ನನಗೆ ಧೈರ್ಯವಿಲ್ಲ. ಕೂಸನ್ನೂ ಕರೆದುಕೊಂಡು ಬಾ. ಎಡಗಡೆಯಿಂದ ನೋಡಿದರೆ ಅಜ್ಜಿ ಇನ್ನೂ ನೆಟ್ಟಗೆ ನಗುತ್ತಾಳೆ.